ಟ್ವೀಡಿಯ ಬಾಯಿ, ಅಝಿಲ್ಡಾಳ ಸೌದೆ

ಲೋರ್ನ್ ಟ್ವೀಡಿ ಸಿಟ್ಟಿನಲ್ಲಿ ಬೈಯುವುದನ್ನು ಮೊದಲ ಸಲ ಕೇಳಿದ ಅಪರಿಚಿತರು, ಯಾರೋ ಚರ್ಚಿನ ಪೂಜಾಸಾಮಗ್ರಿಯ ಪಟ್ಟಿಯನ್ನು ಗಟ್ಟಿಯಾಗಿ ಓದುತ್ತಿದ್ದಾರೆಂದು ಭಾವಿಸಿದರೆ ಅದರಲ್ಲಿ ಅವರ ತಪ್ಪೇನೂ ಇರಲಿಲ್ಲ. ತಬರ್ನಾಕ್ ಎಂದರೆ ಪ್ರಸಾದವಿಡುವ ಪೆಟ್ಟಿಗೆ, ಕಾಲಿಸ್ ಎಂದರೆ ದ್ರಾಕ್ಷಾರಸದ ಬಟ್ಟಲು, ಸಿಬ್ವಾರ್ ಎಂದರೆ ಅದರ ಪಕ್ಕದಲ್ಲಿರುವ ಮುಚ್ಚಳದ ಪಾತ್ರೆ. ಫ್ರೆಂಚ್ ನುಡಿಯ ನಮ್ಮ ಕೆಬೆಕ್ ಸೀಮೆಯಲ್ಲಿ ಬೆರಳ ಮೇಲೆ ಸುತ್ತಿಗೆ ಬಿದ್ದ ಯಾವ ಕ್ಯಾಥೊಲಿಕನೂ ಈ ಮೂರನ್ನು ಹೆಸರಿಸದೆ ನೋವು ತಾಳಿಕೊಂಡದ್ದಿಲ್ಲ. ಆದರೆ ಟ್ವೀಡಿ ಕ್ಯಾಥೊಲಿಕನೂ ಅಲ್ಲ, ಫ್ರೆಂಚನೂ ಅಲ್ಲ. ಮುತ್ತಜ್ಜನ ಕಾಲದಲ್ಲಿ ಸ್ಕಾಟ್ಲೆಂಡಿನಿಂದ ಬಂದು ಗುಡ್ಡದ ಮೇಲೆ ನೆಲೆಸಿದ ಪ್ರೆಸ್ಬಿಟೇರಿಯನ್ ಪಂಥದ ಮನೆತನ ಅವನದು. ಕೆಟ್ಟ ಮಾತಾಡಿದ ಮಕ್ಕಳ ಬಾಯನ್ನು ಅವನ ತಾಯಿ ಬಟ್ಟೆಯ ಸಾಬೂನಿನಿಂದ ತೊಳೆಯುತ್ತಿದ್ದಳು. ಹಾಗೆ ತೊಳೆಸಿಕೊಂಡ ಬಾಯಿಂದ ಮುಂದೆಂದೂ ಇಂಗ್ಲಿಷಿನ ಒಂದು ಬೈಗುಳವೂ ಹೊರಬೀಳಲಿಲ್ಲ. ಕಾಗದದ ಗಿರಣಿಗೆ ಸೇರಿದ ಮೇಲೆ ನಮ್ಮವರಿಂದ ಈ ಪಾತ್ರೆಪಡಗಗಳನ್ನು ಕಲಿತ. ಇವು ತನ್ನ ಚರ್ಚಿನಲ್ಲಿ ಇಲ್ಲದ ಸಾಮಾನುಗಳು, ಆದ್ದರಿಂದ ಇವುಗಳ ಹೆಸರೆತ್ತಿದರೆ ತನ್ನ ದೇವರಿಗೆ ಬೇಸರವಾಗಲು ಕಾರಣವಿಲ್ಲ ಎಂಬ ಧರ್ಮಶಾಸ್ತ್ರವನ್ನು ತಾನೇ ರಚಿಸಿಕೊಂಡು, ನೆಮ್ಮದಿಯಿಂದ ಬೈಯುತ್ತಿದ್ದ.

ಆರಡಿ ಮೂರಂಗುಲದ ಆಳು. ಐಸ್ ಹಾಕಿಯಲ್ಲಿ ನಮ್ಮ ಪೋರ್ತಾಜ್ ಊರಿನ ತಂಡಕ್ಕೆ ಹದಿನಾಲ್ಕು ಚಳಿಗಾಲ ರಕ್ಷಣೆಯ ಗೋಡೆಯಾಗಿದ್ದವನು. ಬೇಸಗೆಯ ಒಣರಸ್ತೆಯಲ್ಲೂ ಹಿಮದ ಮೇಲೆ ಜಾರುವವನ ಹಾಗೆ ಪಾದಗಳನ್ನು ಹೊರಕ್ಕೆ ತಳ್ಳಿ ತಳ್ಳಿ ನಡೆಯುತ್ತಿದ್ದುದರಿಂದ, ಅವನ ಜೊತೆ ನಡೆಯುವವರು ಒಂದು ಮಾರು ಅಂತರ ಬಿಡಬೇಕಾಗುತ್ತಿತ್ತು. ಕೆಂಪು ಕಪ್ಪು ಚೌಕಳಿಯ ಉಣ್ಣೆಯ ಕೋಟು ಒಂದಿತ್ತು. ಮದುವೆಗೂ ಅದೇ, ಮಸಣಕ್ಕೂ ಅದೇ, ಗಿರಣಿಗೂ ಅದೇ. ಅದರ ಎರಡನೆಯ ಗುಂಡಿ ಎಂದೋ ಕಳೆದುಹೋಗಿ, ಆ ಜಾಗದಲ್ಲಿ ಹೆಂಡತಿ ಗಿಸ್ಲೆನ್ ಜಿಂಕೆಯ ಕೊಂಬಿನ ಚೂರೊಂದನ್ನು ಹೊಲಿದಿದ್ದಳು. ಮಾತು ತೋಚದಾಗ ಟ್ವೀಡಿ ಆ ಚೂರನ್ನು ತಿರುಗಿಸುತ್ತಿದ್ದ. ಮಾತು ತೋಚದ ಸಂದರ್ಭಗಳೇ ಅವನ ಬಾಳಿನಲ್ಲಿ ಹೆಚ್ಚಾದ್ದರಿಂದ ಅದು ಸವೆದು ಹೊಳಪೇರಿತ್ತು. ಯಾರು ಏನು ಕೇಳಿದರೂ "ನೋಡಿ, ವಿಷಯ ಏನಂದ್ರೆ" ಎಂದು ದೊಡ್ಡ ಪೀಠಿಕೆ ಹಾಕುತ್ತಿದ್ದ. ಕೇಳುವವರು ಕಿವಿ ನಿಮಿರಿಸಿ ನಿಂತರೆ ವಿಷಯ ಎಂದೂ ಬರುತ್ತಿರಲಿಲ್ಲ.

ನಾನು ಊರಿನ ಔಷಧಿ ಅಂಗಡಿಯವನು. ಪಂದ್ಯದ ದಿನ ಅಂಕಣದ ಪಕ್ಕದ ಗಾಜಿನ ಗೂಡಿನಲ್ಲಿ ಕೂತು ಗಡಿಯಾರ ಒತ್ತುವ ಹೊಣೆಯೂ ನನ್ನದೇ. ಮದುವೆಯಾಗದವನೆಂಬ ಕರುಣೆಯಿಂದ ನನಗೆ ಭಾನುವಾರದ ಊಟ ಹಾಕುತ್ತಿದ್ದವಳು ಟ್ವೀಡಿಯ ಅತ್ತೆ, ಮದಾಂ ಅಝಿಲ್ಡಾ ರೊಬಿತಾಯ್. ಎಪ್ಪತ್ತೊಂದರ ವಿಧವೆ, ನಾಲ್ಕೂ ಮುಕ್ಕಾಲು ಅಡಿ ಎತ್ತರ, ಊರಿನ ಪಾದ್ರಿಯೂ ಅವಳ ಎದುರು ಟೋಪಿ ಸರಿಮಾಡಿಕೊಳ್ಳುತ್ತಿದ್ದ. ಟ್ವೀಡಿ ಮಗಳನ್ನು ಕೇಳಲು ಬಂದ ದಿನವೇ, ಬಾಗಿಲ ಚೌಕಟ್ಟಿಗೆ ಹಣೆ ಬಡಿದು, ಅವಳ ಅಡುಗೆಮನೆಯಲ್ಲಿ ಪ್ರಸಾದದ ಪೆಟ್ಟಿಗೆಯ ಹೆಸರೆತ್ತಿಬಿಟ್ಟನಂತೆ. ಅಝಿಲ್ಡಾ ಗದರಲಿಲ್ಲ. ಒಲೆಯ ಪಕ್ಕದ ಸೌದೆಪೆಟ್ಟಿಗೆ ತೋರಿಸಿ, ಕೊಟ್ಟಿಗೆಯಿಂದ ಒಂದು ಕೊರಡು ತಂದು ಹಾಕು ಎಂದಳು. ಅಲ್ಲಿಂದ ಅದು ಆ ಮನೆಯ ಕಾನೂನಾಯಿತು: ನಾಲಿಗೆ ತಪ್ಪಿದವರು ಮಾತಿಗೊಂದರಂತೆ ಕೊರಡು ಹೊರಬೇಕು, ಹೊತ್ತ ಮೇಲೆ ಆ ಮಾತನ್ನು ಮತ್ತೆ ಯಾರೂ ಎತ್ತಕೂಡದು. ಕ್ಷಮೆ ಕೇಳುವ ಪದ್ಧತಿಯೇ ಆ ಮನೆಯಲ್ಲಿ ಇರಲಿಲ್ಲ. ಹನ್ನೊಂದು ಚಳಿಗಾಲ ಅಝಿಲ್ಡಾಳ ಒಲೆ ಉರಿದದ್ದು ಅಳಿಯನ ಬಾಯಿಂದ ಎಂದರೆ ಅತಿಶಯೋಕ್ತಿಯಲ್ಲ. ಅವನು ಕೊರಡುಗಳನ್ನು ತೊಗಟೆ ಮೇಲಾಗಿ, ಕೊಯ್ದ ತುದಿಗಳೆಲ್ಲ ಒಂದೇ ಗೆರೆಗೆ ಬರುವಂತೆ, ಇಟ್ಟಿಗೆಯ ಗೋಡೆ ಕಟ್ಟುವವನ ಶ್ರದ್ಧೆಯಿಂದ ಜೋಡಿಸುತ್ತಿದ್ದ. ಮೇಜಿನ ಮೇಲೆ ಅವನಿಗೊಂದು ನೀಲಿ ಅಂಚಿನ ತಟ್ಟೆ ಮೀಸಲಾಗಿತ್ತು. ಅಂಚು ಒಡೆದ ತಟ್ಟೆಯದು. ಅದನ್ನು ಬೇರೆಯವರ ಮುಂದಿಟ್ಟರೆ ಟ್ವೀಡಿ ಮಗುವಿನ ಹಾಗೆ ಮುಖ ಸಣ್ಣ ಮಾಡುತ್ತಿದ್ದ.

ಇಂಥ ಮನುಷ್ಯನ ಮೇಲೆ, ಫೆಬ್ರವರಿಯ ಒಂದು ಶನಿವಾರ, ಫ್ರೆಂಚ್ ಜನಾಂಗವನ್ನು ಹೀನಾಯವಾಗಿ ನಿಂದಿಸಿದನೆಂಬ ಆರೋಪ ಬಂತು.

ನದಿಯಾಚೆಯ ಊರಿನ ಮೇಲೆ ಪಂದ್ಯ. ಮುಗಿಯಲು ಒಂದೂವರೆ ನಿಮಿಷವಿದ್ದಾಗ ರೆಫರಿ ಯೂಕ್ಲಿಡ್ ಜೆಂಗ್ರಾ ನಮ್ಮವರ ಮೇಲೆ ದಂಡ ಹಾಕಿದ, ಆಚೆಯವರು ಗೋಲು ಹೊಡೆದರು, ಸೋತೆವು. ಜೆಂಗ್ರಾ ಬೆನ್ನು ತಿರುಗಿಸಿ ಹೊರಟಾಗ ನಮ್ಮ ಗೋಲಿನ ಬಳಿಯಿಂದ ಸ್ಪಷ್ಟ ಇಂಗ್ಲಿಷಿನಲ್ಲಿ ಒಂದು ಮಾತು ಕೇಳಿಬಂತು: ಕಪ್ಪೆಗಳ ಕೈಗೆ ಸೀಟಿ ಕೊಟ್ಟರೆ ಇನ್ನೇನಾಗುತ್ತದೆ, ಹುಟ್ಟಾ ಕಳ್ಳಜಾತಿ. ಕಪ್ಪೆ ಎನ್ನುವುದು ನಮ್ಮನ್ನು ಇಂಗ್ಲಿಷರು ತಲೆತಲಾಂತರದಿಂದ ಹೀಯಾಳಿಸುವ ಹೆಸರು. ಅದನ್ನು ಕೇಳಿ ನಮ್ಮಜ್ಜಂದಿರು ಗಿರಣಿಯಲ್ಲಿ ತಲೆ ತಗ್ಗಿಸಿದ್ದರು, ನಮ್ಮಪ್ಪಂದಿರು ಮುಷ್ಟಿ ಎತ್ತಿದ್ದರು. ಜೆಂಗ್ರಾ ತಿರುಗಿ ನೋಡಿದಾಗ ಅಲ್ಲಿದ್ದವರು ಇಬ್ಬರೇ. ಒಬ್ಬ ಟ್ವೀಡಿ. ಇನ್ನೊಬ್ಬ ಗೋಲು ಕಾಯುವ ರೊಝೇರ್ ರೊಬಿತಾಯ್, ಮುಖವಾಡ ಹಾಕಿಕೊಂಡು ಮಂಡಿಯೂರಿದ್ದವನು, ಅಝಿಲ್ಡಾಳ ಒಬ್ಬನೇ ಮಗ, ಅಚ್ಚ ಫ್ರೆಂಚ್ ರಕ್ತದವನು. ಇಂಗ್ಲಿಷ್ ಮಾತು, ಇಂಗ್ಲಿಷ್ ಮನುಷ್ಯ; ಜೆಂಗ್ರಾ ಅಲ್ಲೇ ವರದಿ ಬರೆದ. ಅಂಕಣದ ಇನ್ನೊಂದು ಬದಿಯ ಗೂಡಿನಲ್ಲಿದ್ದ ನನಗೆ ಏನೂ ಕೇಳಿಸಿರಲಿಲ್ಲ. ಆದರೂ ಸೋಮವಾರದ ಹೊತ್ತಿಗೆ, ಕೇಳಿಸಿಕೊಂಡವರ ಸಂಖ್ಯೆ ಪಂದ್ಯಕ್ಕೆ ಬಂದವರ ಸಂಖ್ಯೆಯನ್ನು ಮೀರಿದಾಗ, ನನಗೂ ಕೇಳಿಸಿದಂತೆಯೇ ಅನ್ನಿಸತೊಡಗಿತ್ತು.

ಮುಂದಿನ ವಾರ ನಮ್ಮ ವಾರಪತ್ರಿಕೆ ಮುಖಪುಟದಲ್ಲಿ ಕಪ್ಪೆಯ ಚಿತ್ರ ಹಾಕಿತು. ಶಾಸನಸಭೆಯ ಸದಸ್ಯನೊಬ್ಬ ಬಂದು ಅಂಕಣದ ನಡುವೆ ನಿಂತು ಜನಾಂಗದ ಮಾನದ ಬಗ್ಗೆ ನಲವತ್ತು ನಿಮಿಷ ಮಾತಾಡಿದ, ಕಾಲಡಿಯ ಹಿಮ ಜಾರುತ್ತಿದ್ದುದರಿಂದ ಎರಡು ಸಲ ನನ್ನ ತೋಳು ಹಿಡಿದ, ಇಳಿಯುವಾಗ ಒಂದು ತಂಡದಲ್ಲಿ ಎಷ್ಟು ಜನ ಆಡುತ್ತಾರೆಂದು ನನ್ನ ಕಿವಿಯಲ್ಲಿ ಕೇಳಿದ. ಗುಡ್ಡದ ಮೇಲಿನ ಇಂಗ್ಲಿಷರು ಸುಮ್ಮನಿರಲಿಲ್ಲ. ಜನ್ಮದಲ್ಲಿ ಪಂದ್ಯ ನೋಡಲು ಇಳಿದು ಬಾರದವರೆಲ್ಲ ಟ್ವೀಡಿಯ ರಕ್ಷಣಾ ಸಮಿತಿ ಕಟ್ಟಿದರು. ಅವರಲ್ಲೊಬ್ಬ ಮಹಾಶಯ, ನೀನು ಅಂದದ್ದರಲ್ಲಿ ತಪ್ಪೇನಿದೆ ಎಂದು ಬೆನ್ನು ತಟ್ಟಿ ಪತ್ರ ಬರೆದ. ಟ್ವೀಡಿ ಅದನ್ನು ಎರಡು ಬೆರಳಲ್ಲಿ ಹಿಡಿದು ಒಲೆಗೆ ಹಾಕಿ ಕೈ ತೊಳೆದುಕೊಂಡನೆಂದು ಗಿಸ್ಲೆನ್ ನನ್ನ ಅಂಗಡಿಗೆ ತಲೆನೋವಿನ ಮಾತ್ರೆಗೆ ಬಂದಾಗ ಹೇಳಿದಳು.

ಕ್ರೀಡಾಸಂಘದ ವಿಚಾರಣೆ ಚರ್ಚಿನ ನೆಲಮಾಳಿಗೆಯ ಸಭಾಂಗಣದಲ್ಲಿ ನಡೆಯಿತು. ಮೂವರ ಸಮಿತಿ: ಅಧ್ಯಕ್ಷ ನೋಟರಿ ಬೋಸೊಲೇಯ್, ಶಾಲೆಯ ಮುಖ್ಯೋಪಾಧ್ಯಾಯ, ಮತ್ತು ನಾನು. ಟ್ವೀಡಿ ಕೋಟು ಬಿಚ್ಚದೆ, ಮಕ್ಕಳ ಕುರ್ಚಿಯೊಂದರಲ್ಲಿ ಮಂಡಿ ಗಲ್ಲಕ್ಕೆ ತಾಗುವಂತೆ ಕೂತಿದ್ದ. ಈ ಮನುಷ್ಯ ಇಂಗ್ಲಿಷಿನಲ್ಲಿ ಬೈದದ್ದನ್ನೇ ನಾವು ಕೇಳಿಲ್ಲ ಎಂದು ತಂಡದವರು ಸಾಕ್ಷಿ ಹೇಳಿದರು. ನಿಜವಾದ ಕೋಪದಲ್ಲಿ ಮನುಷ್ಯ ತಾಯ್ನುಡಿಗೆ ಮರಳುತ್ತಾನೆ ಎಂದು ನೋಟರಿ ಗಂಭೀರವಾಗಿ ಉತ್ತರಿಸಿದಾಗ ನಮಗೆಲ್ಲ ಆಹಾ ಎನ್ನಿಸಿತು.

"ಟ್ವೀಡಿ, ಆ ಮಾತು ಅಂದಿದ್ದು ನೀನೋ ಅಲ್ವೋ?" ಎಂದು ನೋಟರಿ ಕೇಳಿದ.

"ನೋಡಿ, ವಿಷಯ ಏನಂದ್ರೆ, ನಾನು ಅಂದಿಲ್ಲ."

ಪೀಠಿಕೆಯ ಹಿಂದೆ ವಿಷಯ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಹಾಗಾದ್ರೆ ಯಾರು ಅಂದಿದ್ದು? ನಿಂಗೆ ಗೊತ್ತಿರಬೇಕಲ್ಲ."

ಟ್ವೀಡಿ ಕೊಂಬಿನ ಗುಂಡಿಯನ್ನು ತಿರುಗಿಸಿದ. "ಅದನ್ನ ಕೇಳಬೇಡಿ ಸ್ವಾಮಿ."

ರೊಝೇರ್ ಹಿಂದಿನ ಬೆಂಚಿನಲ್ಲಿ ತಲೆ ಬಗ್ಗಿಸಿ ತನ್ನ ಬೂಟಿನ ಲೇಸು ಕಟ್ಟುತ್ತಿದ್ದ. ವಿಚಾರಣೆ ಮುಗಿಯುವವರೆಗೂ ಕಟ್ಟುತ್ತಲೇ ಇದ್ದ. ನೋಟರಿ ಬೆರಳಚ್ಚು ಮಾಡಿಸಿ ತಂದಿದ್ದ ಕ್ಷಮಾಪಣೆಯ ಪತ್ರವನ್ನು ಮುಂದೆ ಸರಿಸಿ, ರುಜು ಹಾಕಿ ಅಂಕಣದಲ್ಲಿ ಓದಿಬಿಟ್ಟರೆ ಎಲ್ಲ ಮುಗಿಯುತ್ತದೆ, ಇಲ್ಲವಾದರೆ ಈ ಋತುವಿನಲ್ಲಿ ಮತ್ತೆ ಹಿಮ ಮೆಟ್ಟುವಂತಿಲ್ಲ ಎಂದ.

"ತಪ್ಪು ಮಾಡಿದ್ರೆ ಸೌದೆ ಹೊರ್ತೀನಿ," ಎಂದ ಟ್ವೀಡಿ. "ಇದು ನನ್ನ ಸೌದೆ ಅಲ್ಲ."

ನೋಟರಿ ಮುಖ್ಯೋಪಾಧ್ಯಾಯನ ಮುಖ ನೋಡಿದ, ಮುಖ್ಯೋಪಾಧ್ಯಾಯ ಸೂರು ನೋಡಿದ. ಆ ಮಾತಿನ ಅರ್ಥ ಆ ಸಭೆಯಲ್ಲಿ ತಿಳಿಯಬಹುದಾಗಿದ್ದದ್ದು ಹನ್ನೊಂದು ವರ್ಷ ಆ ಸೌದೆಯ ಬಿಸಿಯಲ್ಲಿ ಕೂತು ಉಂಡಿದ್ದ ನನಗೆ. ನಾನು ಯೋಚಿಸಲೂ ಇಲ್ಲ. ಪೇಪರಿನವರು ನೋಡುತ್ತಿದ್ದರು, ಶಿಕ್ಷೆಯ ಪರವಾಗಿ ನೋಟರಿಯ ಕೈ ಮೇಲಕ್ಕೆದ್ದಿತ್ತು, ನನ್ನದೂ ಎದ್ದಿತು. ಇದನ್ನು ಬರೆಯುವಾಗ ಈಗಲೂ ನನಗೆ ನಾಚಿಕೆಯಾಗುತ್ತದೆ.

ಹಿಮದ ಅಂಕಣ ಕೈತಪ್ಪಿದ್ದನ್ನು ಟ್ವೀಡಿ ಹೇಗೋ ಸಹಿಸಿಕೊಂಡ. ಸಹಿಸಲಾಗದೆ ಹೋದದ್ದು ತಟ್ಟೆ. ಮರುದಿನ ಭಾನುವಾರ ಪೂಜೆ ಮುಗಿಸಿ ಬಂದ ಅಝಿಲ್ಡಾ ಮೇಜಿಗೆ ತಟ್ಟೆ ಜೋಡಿಸಿದಳು; ನೀಲಿ ಅಂಚಿನದು ಕಪಾಟಿನಲ್ಲೇ ಉಳಿಯಿತು. ಅವಳ ಗಂಡ ಗಿರಣಿಯಲ್ಲಿ ಮೂವತ್ತು ವರ್ಷ ಕಪ್ಪೆಯೆಂಬ ಹೆಸರನ್ನು ಕೇಳಿಸಿಕೊಂಡು ಸತ್ತವನು, ಆದ್ದರಿಂದ ಅವಳನ್ನು ದೂರುವ ಹಾಗೂ ಇರಲಿಲ್ಲ. ಟ್ವೀಡಿ ಒಂದು ಕ್ಷಣ ತನ್ನ ಖಾಲಿ ಜಾಗ ನೋಡಿ, ಹೊರಟುಹೋಗುವ ಬದಲು, ಕೋಟು ಹಾಕಿಕೊಂಡೇ ಒಲೆಯ ಪಕ್ಕದ ಸೌದೆಪೆಟ್ಟಿಗೆಯ ಮುಚ್ಚಳದ ಮೇಲೆ ಕೂತ. ಮುಂದಿನ ಭಾನುವಾರವೂ ಬಂದ, ಅದರ ಮುಂದಿನದೂ. ನಾವು ಬಟಾಣಿ ಸಾರು ಹೀರುತ್ತಿದ್ದರೆ ಅವನು ಮೂರು ಮೊಳ ದೂರದಲ್ಲಿ ಕೂತು ನಮ್ಮ ಚಮಚಗಳನ್ನು ನೋಡುತ್ತಿದ್ದ. ಗಿಸ್ಲೆನ್ ಅರ್ಧ ಊಟ ಮೇಜಿನಲ್ಲಿ ತಾಯಿಯ ಪಕ್ಷವಾಗಿ ಮುಗಿಸಿ, ಉಳಿದರ್ಧವನ್ನು ಪೆಟ್ಟಿಗೆಯ ಮೇಲೆ ಗಂಡನ ಪಕ್ಷವಾಗಿ ಮುಗಿಸುತ್ತಿದ್ದಳು. ಇವರು ಅಂದಿಲ್ಲ, ಅಂದವರು ಯಾರೆಂದು ಬಾಯಿ ಬಿಡುತ್ತಿಲ್ಲ, ಹೆಬ್ಬಂಡೆಯನ್ನು ಕಟ್ಟಿಕೊಂಡೆ ಎಂದು ನನ್ನೊಡನೆ ಗೋಳಾಡಿದಳು. ನನಗೆ ಸಾರು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆದರೂ ಎರಡನೇ ಸಲ ಬಡಿಸಿಕೊಳ್ಳುತ್ತಿದ್ದೆ.

ಇದಕ್ಕಿಂತ ವಿಚಿತ್ರವಾದದ್ದು ಇನ್ನೊಂದು ನಡೆಯಿತು: ಟ್ವೀಡಿ ಬೈಯುವುದನ್ನು ನಿಲ್ಲಿಸಿದ. ಗಿರಣಿಯಲ್ಲಿ ಕಾಲ ಮೇಲೆ ಕಾಗದದ ಉರುಳೆ ಉರುಳಿದಾಗಲೂ ತುಟಿ ಬಿಗಿಹಿಡಿದನಂತೆ. ಕಪ್ಪೆಯೆಂದು ಕರೆದವನೆಂಬ ಹೆಸರು ಬಂದಮೇಲೆ ನಮ್ಮ ಚರ್ಚಿನ ಪಾತ್ರೆಗಳನ್ನು ಮುಟ್ಟುವ ಹಕ್ಕು ತನಗಿಲ್ಲವೆಂದು ಅವನಿಗೆ ತೋರಿರಬೇಕು. ಪರಿಣಾಮವಾಗಿ ಎರಡು ವಾರದಲ್ಲಿ ಅಝಿಲ್ಡಾಳ ಸೌದೆಪೆಟ್ಟಿಗೆ ತಳ ಕಂಡಿತು. ಒಲೆ ಸಣ್ಣಗಾಯಿತು. ಅವಳು ಶಾಲು ಹೊದ್ದು ಅಡುಗೆ ಮಾಡಿದಳೇ ಹೊರತು ಯಾರನ್ನೂ ಕೇಳಲಿಲ್ಲ.

ಮೂರನೆಯ ವಾರ ಒಂದು ಬೆಳಿಗ್ಗೆ ಅವಳು ಎದ್ದು ಬಂದಾಗ ಪೆಟ್ಟಿಗೆ ತುಂಬಿತ್ತು. ಮರುದಿನವೂ ತುಂಬಿತ್ತು. ಅವಳು ನನ್ನ ಅಂಗಡಿಗೆ ಬಂದು ಕೆಮ್ಮಿನ ಔಷಧಿ ಕೇಳಿ, ಬಹಳ ಹೊತ್ತು ಸೀಸೆ ತಿರುಗಿಸುತ್ತಾ ನಿಂತು, ಅಳಿಯ ಕೊನೆಗೂ ಒಪ್ಪಿಕೊಂಡ ಹಾಗಾಯಿತು ಎಂದಳು. ಅವಳ ದನಿಯಲ್ಲಿ ಗೆದ್ದ ಸಂತೋಷವಿರಲಿಲ್ಲ; ಒಪ್ಪಿಕೊಳ್ಳದಿದ್ದರೇ ಚೆನ್ನಾಗಿತ್ತು ಎಂದು ಅವಳು ಒಳಗೊಳಗೇ ಹಾರೈಸಿದ್ದಳೆಂದು ನನಗೆ ಆಗ ಗೊತ್ತಾಯಿತು. ಎರಡು ದಿನ ಬಿಟ್ಟು ಮತ್ತೆ ಬಂದಳು. ಈ ಸಲ ಔಷಧಿ ಕೇಳಲಿಲ್ಲ.

"ಔಷಧಿಯವನೇ, ಟ್ವೀಡಿ ಸೌದೆ ಹೇಗೆ ಜೋಡಿಸ್ತಾನೆ ಹೇಳು."

ನನಗೆ ಹೇಳಲು ಬರಲಿಲ್ಲ. ಅಷ್ಟು ವರ್ಷ ಪಕ್ಕದಲ್ಲೇ ಕೂತವನು ಒಮ್ಮೆಯೂ ನೋಡಿರಲಿಲ್ಲ.

"ತೊಗಟೆ ಮೇಲೆ ಇರುತ್ತೆ," ಎಂದಳು. "ಇದು ಹಂದಿಗೂಡಿನ ಹಾಗೆ ಬಿದ್ದಿದೆ. ಒಂದು ಕೊರಡಿನ ಮೇಲೆ ರಕ್ತದ ಕಲೆ ಬೇರೆ. ಸೌದೆ ಹೊತ್ತು ಅಭ್ಯಾಸ ಇಲ್ಲದ ಕೈ."

ಅಷ್ಟು ಹೇಳಿ ಹೊರಟುಹೋದಳು. ಆ ಮನೆಯಲ್ಲಿ ಹುಟ್ಟಿ ಬೆಳೆದೂ ಒಂದು ಕೊರಡು ಎತ್ತದವನು ಒಬ್ಬನೇ ಇದ್ದ: ಗೋಲು ಕಾಯುವವನ ಬೆರಳು ನಾಜೂಕಾಗಿರಬೇಕೆಂಬ ನೆಪದಲ್ಲಿ ತಾಯಿಯೇ ಕೆಲಸ ಹಚ್ಚದೆ ಸಾಕಿದ ರೊಝೇರ್. ತಪ್ಪಾಡದೆ ಆ ಮನೆಯಲ್ಲಿ ಯಾರೂ ಸೌದೆ ಹೊರುವುದಿಲ್ಲವೆಂಬುದು ಅವಳೇ ಮಾಡಿದ ಕಾನೂನು.

ಆ ಭಾನುವಾರ ಮೇಜಿನ ಮೇಲೆ ಮಾಂಸದ ಕಡುಬು ಹೊಗೆಯಾಡುತ್ತಿತ್ತು. ನೀಲಿ ಅಂಚಿನ ತಟ್ಟೆ ತನ್ನ ಜಾಗದಲ್ಲಿತ್ತು. ರೊಝೇರನ ತಟ್ಟೆ ಇರಲಿಲ್ಲ. ಕೈಗೆ ಪಟ್ಟಿ ಸುತ್ತಿಕೊಂಡು ಬಂದ ರೊಝೇರ್ ತನ್ನ ಕುರ್ಚಿಯ ಹಿಂದೆಯೇ ನಿಂತ. ಟ್ವೀಡಿ ಪೆಟ್ಟಿಗೆಯ ಮೇಲಿಂದ ಅರ್ಧ ಎದ್ದವನು ಹಾಗೇ ನಿಂತ.

"ಎಷ್ಟು ಹೊತ್ತೆ?" ಎಂದಳು ಅಝಿಲ್ಡಾ, ಮಗನ ಕಡೆ ನೋಡದೆ.

"ನಲವತ್ತು ಆಯ್ತೇನೋ, ಅಮ್ಮ."

"ಒಂದು ಮಾತಿಗೆ?"

"ಭಾವ ಒಂದು ದಿನಕ್ಕೂ ಬಾಯಿ ಬಿಡಲಿಲ್ಲ. ಅದಕ್ಕೆ ಎಷ್ಟು ಹೊತ್ರೂ ಕಮ್ಮಿ ಅನ್ನಿಸ್ತು."

"ನಮ್ಮೋರನ್ನೇ ಅಂದೆಯಲ್ಲೋ. ಅದೂ ಅವರ ಭಾಷೆಯಲ್ಲಿ."

"ನಮ್ಮ ಭಾಷೇಲಿ ಅಂದಿದ್ರೆ ನಂಗೇ ನೋಯ್ತಿತ್ತು ಅಮ್ಮ."

ನಗಬೇಕೋ ಅಳಬೇಕೋ ತಿಳಿಯದೆ ನಾನು ಬ್ರೆಡ್ಡು ಮುರಿದೆ. ರೊಝೇರ್ ನಾಳೆಯೇ ನೋಟರಿಯ ಬಳಿ ಹೋಗುತ್ತೇನೆಂದ, ಹೋದ ಕೂಡ. ಕಪ್ಪೆಯೇ ಕಪ್ಪೆಯನ್ನು ಕಪ್ಪೆ ಎಂದರೆ ಜನಾಂಗನಿಂದನೆ ಆಗುತ್ತದೆಯೇ ಎಂದು ನೋಟರಿ ಎರಡು ದಿನ ಗ್ರಂಥಗಳನ್ನು ತಿರುವಿಹಾಕಿ, ಯಾವುದಕ್ಕೂ ಇರಲಿ ಎಂದು ಅದೇ ಪತ್ರಕ್ಕೆ ಹೆಸರು ಬದಲಿಸಿ ರುಜು ಹಾಕಿಸಿದ. ಶನಿವಾರ ಅಂಕಣದಲ್ಲಿ ರೊಝೇರ್ ಅದನ್ನು ಓದಿದಾಗ ಜನ ಕೆಮ್ಮಿದರು. ರೆಫರಿ ಜೆಂಗ್ರಾ ಮಾತ್ರ ಹತ್ತಿರ ಹೋಗಿ, ನೀನೆಂದು ಗೊತ್ತಿದ್ದರೆ ವರದಿ ಬರೆಯುತ್ತಿರಲಿಲ್ಲ, ಒಂದು ಬಿಗಿಯುತ್ತಿದ್ದೆ ಎಂದು ಕೈ ಕುಲುಕಿದ. ವಾರಪತ್ರಿಕೆ ಅದನ್ನು ಐದನೆಯ ಪುಟದಲ್ಲಿ ಹಾಲಿನ ದರದ ಕೆಳಗೆ ಹಾಕಿತು. ಶಾಸನಸಭೆಯ ಸದಸ್ಯ ಬರಲಿಲ್ಲ. ಟ್ವೀಡಿ ಅಂತಿಮ ಪಂದ್ಯ ಆಡಿದ, ನಾವು ಸೋತೆವು.

ಆದರೆ ನನಗೆ ನೆನಪಿರುವುದು ಆ ಭಾನುವಾರದ ಮೇಜು. ಮಗನನ್ನು ಸೌದೆಪೆಟ್ಟಿಗೆಯ ಮೇಲೆ ಕೂರಿಸಿದ ಮೇಲೆ ಅಝಿಲ್ಡಾ ನನ್ನ ಕಡೆ ತಿರುಗಿ, ನೀನು ಸಭೆಯಲ್ಲಿ ಎತ್ತಿದ್ದು ಯಾವ ಕೈ ಎಂದು ಕೇಳಿದಳು. ಬಲಗೈ ಎಂದೆ. "ಹಾಗಾದ್ರೆ ಅದರಲ್ಲೇ ಒಂದು ತಾ," ಎಂದಳು. ನಾನು ತಂದೆ; ರೊಝೇರ್ ಎದ್ದು ಮುಚ್ಚಳ ಎತ್ತಿ ಹಿಡಿದ, ತೊಗಟೆ ಮೇಲಾಗಿಯೇ ಇಟ್ಟೆ. ಆಮೇಲೆ ಅವಳು ಶಾಲು ಬಿಗಿದುಕೊಂಡು, ಹಿತ್ತಲ ಬಾಗಿಲು ತೆರೆದು ಹಿಮದೊಳಗೆ ಇಳಿದಳು. ಗಿಸ್ಲೆನ್ ಎದ್ದಳು, ಟ್ವೀಡಿ ಅವಳ ತೋಳು ಹಿಡಿದು ಕೂರಿಸಿದ. ಸ್ವಲ್ಪ ಹೊತ್ತಿಗೆ ಅಝಿಲ್ಡಾ ಏದುಸಿರು ಬಿಡುತ್ತಾ ಒಂದು ಕೊರಡನ್ನು ಎದೆಗವಚಿಕೊಂಡು ಬಂದಳು. ಮೂರು ಭಾನುವಾರ ಕಪಾಟಿನಲ್ಲುಳಿದ ತಟ್ಟೆಯ ಕೊರಡು ಅದು. ಅಳಿಯನ ಎದುರಿಗೇ ಅದನ್ನು ಪೆಟ್ಟಿಗೆಯಲ್ಲಿ ಇಟ್ಟು, ತುದಿಯನ್ನು ಅಂಗೈಯಿಂದ ತಟ್ಟಿ ಗೆರೆಗೆ ತಂದಳು.

ಟ್ವೀಡಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಗುಂಡಿ ತಿರುಗಿಸಿದ. ಕೊನೆಗೆ ಕಣ್ಣೀರು ಕಾಣದಿರಲೆಂದು ಕಡುಬಿನ ದೊಡ್ಡ ತುಂಡೊಂದನ್ನು ಬಾಯಿಗೆ ತುರುಕಿಕೊಂಡ. ಅದು ಕೆಂಡವಾಗಿತ್ತು.

"ತಬರ್ನಾಕ್," ಎಂದ ಟ್ವೀಡಿ.

ಅಝಿಲ್ಡಾ ಸಾರು ಬಡಿಸುತ್ತಿದ್ದವಳು ತಲೆ ಎತ್ತದೆ ಕೊಟ್ಟಿಗೆಯ ಕಡೆ ಸೌಟು ತೋರಿಸಿದಳು. "ಒಂದು," ಎಂದಳು.

ಎದ್ದು ಹೋಗುವಾಗ ಅವನ ಮುಖದಲ್ಲಿದ್ದ ಸಂತೋಷವನ್ನು ಏನೆಂದು ಹೇಳಲಿ. ಚೌಕಟ್ಟಿಗೆ ಹಣೆ ಬಡಿಸಿಕೊಂಡು, ಎರಡನೆಯ ಕೊರಡನ್ನೂ ಸಂಪಾದಿಸಿಕೊಂಡೇ ಹೊರಟ.

ಪರರ ನುಡಿಯನ್ನು ಪುಸ್ತಕದಿಂದ ಕಲಿತವರು ಅದರ ಚೆಲುವನ್ನು ಕೊಂಡಾಡುತ್ತಾರೆ, ಅದಕ್ಕೆ ಸನ್ಮಾನವನ್ನೂ ಪಡೆಯುತ್ತಾರೆ. ಟ್ವೀಡಿಯಂಥವರು ಅದರ ಅತ್ಯಂತ ಕೊಳಕು ಮೂಲೆಯಿಂದ ಒಳಗೆ ಬರುತ್ತಾರೆ, ಬಂದದ್ದಕ್ಕೆ ಹೆಗಲಿನಿಂದ ಸುಂಕ ಕಟ್ಟುತ್ತಾರೆ, ಅಂಚೊಡೆದ ಒಂದು ತಟ್ಟೆ ಸಿಕ್ಕಿದರೆ ಹುಟ್ಟಿದ ಊರು ಸಿಕ್ಕಿದಂತೆ ಕೂತುಬಿಡುತ್ತಾರೆ. ಊರಿಗೆ ಅನುಮಾನ ಬಂದ ದಿನ ಮೊದಲು ಎಬ್ಬಿಸುವುದು ಇವರನ್ನೇ. ತಮ್ಮ ಪರವಾಗಿ ನಾಲ್ಕು ಮಾತು ಜೋಡಿಸುವ ವಿದ್ಯೆ ಇವರಿಗೆ ಬರುವುದಿಲ್ಲ. ಇವರು ಸೌದೆಯನ್ನು ಹೇಗೆ ಜೋಡಿಸುತ್ತಾರೆಂದು ಒಮ್ಮೆ ನೋಡಿದ್ದರೆ ಸಾಕಾಗಿತ್ತು. ಪಕ್ಕದಲ್ಲೇ ಕೂತು ಉಂಡಿದ್ದ ನಾನು ನೋಡಿರಲಿಲ್ಲ.